ಮಲ್ಲಿಕಾ ಆರಿಸಿದ ಗಾಡಿ

ತಮ್ಮ ಪ್ರಭುವಿಗೆ,

ಗುಡಗೇರಿಯಿಂದ ನಿನ್ನ ಅಕ್ಕ ಶೈಲಾ ಬರೆಯುತ್ತಿದ್ದಾಳೆ. ಮೊದಲು ಗಾಡಿಗೆ ಮೆಣಸಿನಕಾಯಿ ಚೀಲ ಹೇರುವುದನ್ನು ನಿಲ್ಲಿಸು, ಆಮೇಲೆ ಓದು. ನೀನು ಓದಿ ಮುಗಿಸುವ ತನಕ ಗಾಡಿ ಬಿಡಗೊಡಬೇಡಿ ಎಂದು ಹಾಲಿನ ಹಸನಸಾಬ ಕಾಕಾಗೆ ಹೇಳಿಯೇ ಈ ಕಾಗದ ಕೊಟ್ಟಿದ್ದೇನೆ. ಫೋನ್ ಮಾಡಿದ್ದೆ. ನಿನ್ನ ಹೆಂಡತಿ ಎತ್ತಿದಳು. "ಮಲ್ಲಿಕಾ, ಅಲ್ಲೆ ಮಳಿ ಆತೇನ?" ಎಂದು ಕೇಳಿ ಇಟ್ಟುಬಿಟ್ಟೆ. ಈ ಬಿಸಿಲಿನಲ್ಲಿ ಎಂಥ ಮಳೆ! ನಿಜ ಅವಳಿಗೆ ಹೇಳಲಾರದೆ ಈ ಕಾಗದ ಬರೆಯಲು ಕೂತೆ.

ಹೊಟ್ಟೆಕಿಚ್ಚು, ತಮ್ಮಾ. ಬೇರೆ ಹೆಸರಿಟ್ಟು ಏನು ಮಾಡಲಿ? ಅಪ್ಪ ಹಳೆಯ ಗಾಡಿ ಕೊಳ್ಳಲು ಹುಬ್ಬಳ್ಳಿಗೆ ಹೊರಟರೆ ಜೊತೆಗೆ ನಾನೇ ಇರಬೇಕಿತ್ತು. ಇಂಜಿನ್ ಸದ್ದು ಕೇಳಿ ನಾನು ತಲೆಯಾಡಿಸಿದರಷ್ಟೇ ಮಾತುಕತೆ. ನೀನು ಈ ಸಲ ಒಂದು ಮಾತೂ ಕೇಳಲಿಲ್ಲ. ಮಲ್ಲಿಕಾಳನ್ನು ಬಾಜು ಕೂರಿಸಿಕೊಂಡು ಹೋಗಿ ಹಳೆಯ ಪಿಕಪ್ ಗಾಡಿ ತಂದು, ಆರತಿ ಬೆಳಗು ಎಂದು ನನ್ನ ಬಾಗಿಲಲ್ಲಿ ನಿಲ್ಲಿಸಿದೆ. ಆರತಿಗೆ ಮಾತ್ರ ಅಕ್ಕ ಬೇಕಾದಳು!

ಅವಳೋ, ಇಳಿದವಳೇ ಶುರುಮಾಡಿದಳು. "ಅಕ್ಕಾರ, ಇಂಜಿನ್ ಅಗದಿ ತಣ್ಣಗಿದ್ದಾಗನ ಚಾಲೂ ಮಾಡಿಸಿ ನೋಡೀನ್ರಿ. ಹೊಗಿ ಇಲ್ಲ. ಮಾಲ ಹೇರಿದ್ರೂ ಲೀಟರಿಗೆ ಹದಿಮೂರು ಕಿಲೋಮೀಟರ್ ಕೊಡತೈತಿ." ಹೋದ ವರ್ಷ ಮೆಣಸಿನಕಾಯಿ ಆರಿಸುತ್ತ ಕೂತಾಗ ನಾನೇ ಅವಳಿಗೆ ಹೇಳಿಕೊಟ್ಟ ಪರೀಕ್ಷೆಗಳು. ನನ್ನ ವಿದ್ಯೆ, ನನ್ನ ಅಂಗಳದಲ್ಲೇ! ನೀನು ಬಾಯಿ ತೆರೆದು ಅವಳನ್ನೇ ನೋಡುತ್ತಿದ್ದೆ. ಮೈಯೆಲ್ಲ ಉರಿದುಹೋಯಿತು.

ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಬಗ್ಗಿದೆ. ಹಿಂದಿನ ಚಕ್ರದ ಒಳಬದಿ, ಭಾರವೆಲ್ಲ ಹೊರುವ ಚಾಸಿಯ ಮೇಲೆ ಗೇಣುದ್ದ ಹೊಸ ಕಪ್ಪು ಬಣ್ಣ. ಉಗುರಿನಿಂದ ಕೆರೆದರೆ ಅಡಿಯಲ್ಲಿ ವೆಲ್ಡಿಂಗ್. ಮುರಿದದ್ದನ್ನು ಬೆಸೆದು ಬಣ್ಣ ಬಳಿದಿದ್ದಾರೆ. ತುಂಬಿದ ಗಾಡಿ ನಮ್ಮ ಎರೆಹೊಲದ ದಾರಿಯಲ್ಲಿ ಒಂದು ತಗ್ಗಿಗೆ ಬಿದ್ದರೆ ಸಾಕು, ಬೆಸುಗೆ ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಳ್ಳಲಿ, ಅವಳ ಬಡಾಯಿ ಇಳಿಯಲಿ ಎಂದುಕೊಂಡೆ. ಸುಮ್ಮನೆ ಎದ್ದು ಅವಳ ಹಣೆಗೆ ಕುಂಕುಮ ಹಚ್ಚಿದೆ.

ಮೊದಲ ಹೇರು ಬ್ಯಾಡಗಿಗೆ ಹೋಗುತ್ತದೆ, ಗಂಡ ಹೆಂಡತಿ ಇಬ್ಬರೂ ಹೋಗುತ್ತಾರೆ ಎಂದು ನಿನ್ನೆ ಕಾಕಾ ಹೇಳಿದರು. ಆಗ ಎಚ್ಚರಾಯಿತು. ಆ ಗಾಡಿ ಓಡಿಸುವವನು ನೀನು ಎಂಬುದೇ ನನಗೆ ಮರೆತುಹೋಗಿತ್ತಲ್ಲ!

ಇನ್ನೊಂದಿದೆ. ಹೋದ ವರ್ಷ ಹೇಳಿಕೊಡುವಾಗ ಅವಳು, "ಮತ್ತೇನ್ ನೋಡಬೇಕ್ರಿ ಅಕ್ಕಾರ?" ಎಂದು ಕೇಳಿದ್ದಳು. "ಇಷ್ಟ ಸಾಕ ಬಿಡವಾ" ಎಂದಿದ್ದೆ. ಕೆಳಗೆ ಬಗ್ಗಿ ಚಾಸಿ ನೋಡುವುದನ್ನು ಬೇಕೆಂದೇ ಹೇಳಲಿಲ್ಲ. ಒಂದಾದರೂ ನನ್ನ ಹತ್ತಿರ ಉಳಿಯಲಿ, ಅದಕ್ಕಾದರೂ ನೀನು ನನ್ನನ್ನು ಕರೆಯುತ್ತೀ ಎಂದು.

ಅವಳನ್ನು ಬೈಯಬೇಡ. ಈ ಕಾಗದ ಪೂರ್ತಿ ಅವಳಿಗೆ ಓದಿ ಹೇಳು. ಗಾಡಿ ಹಿಂದಕ್ಕೆ ಕೊಟ್ಟು, ಇನ್ನೊಂದನ್ನು ನೋಡಲು ಅವಳನ್ನೇ ಕರೆದುಕೊಂಡು ಹೋಗು. ಇನ್ನು ಅವಳಿಗೆ ಗೊತ್ತಿಲ್ಲದ್ದು ನನ್ನ ಹತ್ತಿರ ಏನೂ ಇಲ್ಲ.

ಇಬ್ಬರೂ ಕೈಕಾಲು ಗಟ್ಟಿಯಾಗಿ ನೂರು ವರ್ಷ ಬಾಳಿರಿ.

ಹೊಟ್ಟೆ ಉರಿಯುತ್ತಲೇ ಹರಸುತ್ತಿರುವ
ನಿನ್ನ ಅಕ್ಕ,
ಶೈಲಾ