ನಿನ್ನ ನಿದ್ದೆ ನಾನು ನೋಡಿರಲಿಲ್ಲ

ಅಮ್ಮಾ,

ನಮ್ಮ ಮನೆತನದ ಚರಿತ್ರೆ ಹುಡುಕಲು ಹೊರಟಿದ್ದೇನೆ, ನಗಬೇಡ. ನನ್ನ ಮಗಳು ಕಣ್ಣನ್ನು ಅರ್ಧ ತೆರೆದುಕೊಂಡೇ ನಿದ್ದೆ ಮಾಡುತ್ತಾಳೆ. ನಾನು ನಿದ್ದೆಗೆಟ್ಟು ಅವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಾ ಕೂತಿರುತ್ತೇನೆ. "ಮನೇಲಿ ಬೇರೆ ಯಾರಿಗಾದ್ರೂ ಹೀಗಿತ್ತಾ?" ಎಂದು ಡಾಕ್ಟರು ಕೇಳಿದರು. ಇಂಥದ್ದನ್ನೆಲ್ಲ ಇರುವವರಲ್ಲಿ ಹಿರಿಯರಿಂದ ಶುರುಮಾಡಬೇಕಂತೆ. ಅದಕ್ಕೇ ಇವತ್ತು ಮಧ್ಯಾಹ್ನ ಮಗಳನ್ನೂ ಎತ್ತಿಕೊಂಡು ಚಿಕ್ಕಮ್ಮನ ಮನೆಗೆ ಹೋದೆ.

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ವಂಶವೃಕ್ಷದ ಕೊಂಬೆ ರೆಂಬೆಗಳ ಗೆರೆ ಎಳೆದುಕೊಂಡು ಮುತ್ತಜ್ಜಿಯಿಂದ ಹಿಡಿದು ಒಬ್ಬೊಬ್ಬರ ಬಗ್ಗೆಯೂ ಕೇಳತೊಡಗಿದೆ. ಕಿಟಕಿಯ ಪರದೆ ಆಡಿದಂತೆಲ್ಲ ಹಾಸಿಗೆಯ ಮೇಲಿನ ಬಿಸಿಲು ಹಿಗ್ಗಿ ಕುಗ್ಗುತ್ತಿತ್ತು. ಸತ್ತವರೆಲ್ಲ ಪಕ್ಕದ ಕೋಣೆಯಲ್ಲೇ ಕಾಲು ಚಾಚಿ ಮಲಗಿದ್ದಾರೇನೋ ಎಂಬಂತೆ ಚಿಕ್ಕಮ್ಮ ದನಿ ತಗ್ಗಿಸಿ ಹೇಳುತ್ತಿದ್ದಳು. ಅಷ್ಟರಲ್ಲಿ ಮಗು ನಿದ್ದೆಹೋಯಿತು. ಅದರ ಕಣ್ಣು ನೋಡಿ ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು.

"ಅಯ್ಯೋ, ಥೇಟ್ ನಿಮ್ಮಮ್ಮ ಕಣೇ! ಮಲಗಿದಾಳೆ ಅಂತ ಗೊತ್ತಾಗ್ದೆ ನಾನು ಎಷ್ಟೋ ಹೊತ್ತು ಹರಟಿದ್ದುಂಟು. ಉತ್ತರಾನೇ ಕೊಡಲ್ಲ ಅಂತ ಮುನಿಸ್ಕೊಂಡಿದ್ದೂ ಉಂಟು. ನಿಂಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ನಾನು ಮಲಗಿದ ಮೇಲೆ ನೀನು ಮಲಗುತ್ತಿದ್ದೆ, ನಾನು ಏಳುವ ಮೊದಲೇ ಏಳುತ್ತಿದ್ದೆ.

ಆಸ್ಪತ್ರೆಯ ಆ ಕೊನೆಯ ಮಧ್ಯಾಹ್ನ ಬಾಗಿಲಲ್ಲಿ ನಿಂತು, "ಅಮ್ಮಾ, ಇನ್ನೂ ಕೋಪಾನಾ?" ಎಂದು ಕೇಳಿದ್ದೆ. ನೀನು ನನ್ನ ಕಡೆಗೇ ನೋಡುತ್ತಿದ್ದೆ, ಮಾತಾಡಲಿಲ್ಲ. ನಾನು ತಿರುಗಿ ಮೆಟ್ಟಿಲಿಳಿದುಬಿಟ್ಟೆ.

ಚಿಕ್ಕಮ್ಮನಿಗೆ ಇದನ್ನು ಹೇಳಲಿಲ್ಲ. ನಿನ್ನ ಕೊಂಬೆಯ ಕೆಳಗೆ 'ಕಣ್ಣು ತೆರೆದೇ ನಿದ್ದೆ ಮಾಡುತ್ತಿದ್ದಳು' ಎಂದು ಬರೆದೆ. ಆಮೇಲೆ ಮಗುವಿನ ಪಕ್ಕದಲ್ಲಿ ಒರಗಿದೆ. ಆ ಅರೆತೆರೆದ ಕಣ್ಣುಗಳನ್ನು ನೋಡುತ್ತಾ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬೇಕೆನಿಸಿತು. ಕೇಳುವ ಮೊದಲೇ ನನಗೆ ನಿದ್ದೆ ಬಂತು.