ಅಕ್ಕನ ಕೋರೆಹಲ್ಲಿನ ದರ್ಜೆ

ಅಕ್ಕಾ, ಹಲ್ಲಿನ ಡಾಕ್ಟರಾದ ನಿನ್ನ ತಮ್ಮ, ನೆಗಡಿಯೊಂದನ್ನು ಬಿಟ್ಟರೆ, ಚೆನ್ನಾಗಿದ್ದಾನೆ.

ಇಲ್ಲಿನ ತರಬೇತಿಯಲ್ಲಿ ನಾವು ಹನ್ನೆರಡು ಡಾಕ್ಟರುಗಳು ತಂದ ಫೋಟೋಗಳನ್ನೇ ಪರದೆಯ ಮೇಲೆ ತೋರಿಸುತ್ತಾರೆ. ಎಲ್ಲವೂ ವಸಡು ಸರಿದು ಬೇರು ಕಾಣುವ ಹಲ್ಲುಗಳು. ಬೇರನ್ನು ಮತ್ತೆ ಪೂರ್ತಿ ಮುಚ್ಚಬಹುದಾದರೆ ಒಂದನೇ ದರ್ಜೆ, ಅರ್ಧಂಬರ್ಧವಾದರೆ ಎರಡನೆಯದು, ಆಸೆಯೇ ಇಲ್ಲದಿದ್ದರೆ ಮೂರನೆಯದು ಎಂದು ಚೀಟಿಯಲ್ಲಿ ಬರೆಯಬೇಕು. ಒಂದೇ ಹಲ್ಲಿಗೆ ಮೂರೂ ದರ್ಜೆ ಬಂದಾಗ ಉಳಿದವರ ದಡ್ಡತನಕ್ಕೆ ಒಳಗೊಳಗೇ ನಕ್ಕೆ.

ಸಂಜೆ ಕಲಿಸುವವರು ನನ್ನ ಎರಡು ಚೀಟಿ ಎತ್ತಿ ಹಿಡಿದರು. "ಡಾಕ್ಟ್ರೇ, ಇವೆರಡೂ ಒಂದೇ ಫೋಟೋದ್ದು, ಎರಡು ಸಲ ತೋರ್ಸಿದ್ವಿ. ಬೆಳಿಗ್ಗೆ ಮೂರು ಅಂದ್ರಿ, ಊಟ ಆದ್ಮೇಲೆ ಒಂದು ಅಂತೀರಲ್ಲ."

ನನಗೆ ರೇಗಿತು. "ಇಷ್ಟು ಮಸುಕಾಗಿ ಫೋಟೋ ತೆಗೆದ ಬೃಹಸ್ಪತಿ ಯಾರು ಸಾರ್?"

"ನೀವೇ" ಎಂದರು.

ಅಕ್ಕಾ, ಅದು ನಿನ್ನ ಕೋರೆಹಲ್ಲು. ಇದಕ್ಕೆ ದಾರಿಯಿಲ್ಲ ಎಂದು ನಾನು ಹೇಳಿದಂದಿನಿಂದ ನೀನು ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದೀಯ. ಕೈ ತೆಗೆ. ಬಂದ ಮೇಲೆ ಇನ್ನೊಮ್ಮೆ ನೋಡುತ್ತೇನೆ, ಈ ಸಲ ಊಟ ಆದ ಮೇಲೆಯೇ ನೋಡುತ್ತೇನೆ. ಅಲ್ಲಿಯವರೆಗೆ ಪಾತ್ರೆ ತಿಕ್ಕುವಂತೆ ಹಲ್ಲು ತಿಕ್ಕಬೇಡ.

ಜಾಗ ಮುಗಿಯಿತು. ಕಾರ್ಡನ್ನು ಭಾವನಿಗೆ ಮಾತ್ರ ತೋರಿಸಬೇಡ. ಅವರ ಎರಡು ಹಲ್ಲು ನಾನು ಕಿತ್ತದ್ದು ಊಟಕ್ಕೆ ಮುಂಚೆ.