ದೂರನ್ನು ಗಂಡನಿಗೆ ತೋರಿಸಿಕೊಟ್ಟ ಬ್ರೌಸರು

ಸಾರ್ವಜನಿಕ ಬ್ರೌಸರನ್ನು ನಾಡಿಗೆ ಬಿಡುಗಡೆ ಮಾಡಿದ ಮಾನ್ಯ ನಿರ್ದೇಶಕರೇ,

ನಿಮ್ಮ ಬ್ರೌಸರು ನನ್ನ ಅಕ್ಕನ ದವಡೆ ಮುರಿಸಿದೆ. ಮುರಿದದ್ದು ಭಾವನ ಕೈ, ನಿಜ. ಆದರೆ ಯಾರನ್ನು, ಯಾಕೆ ಹೊಡೆಯಬೇಕೆಂದು ಅವನಿಗೆ ಬಣ್ಣದ ಚೌಕದಲ್ಲಿ ತೋರಿಸಿಕೊಟ್ಟದ್ದು ನೀವು.

ನಾನು ಕಂಪ್ಯೂಟರ್ ರಿಪೇರಿಯವನು. ಬಿಡುಗಡೆಗೆ ಮುಂಚೆ ಬಳಸಿ ತಪ್ಪು ಹುಡುಕಲು ನಿಮ್ಮ ಕಚೇರಿ ಆರಿಸಿದ ನೂರಾರು ಜನರಲ್ಲಿ ಒಬ್ಬ. ಹದಿನೈದು ದಿನ ಅಂಗಡಿಯ ಮೇಜಿನ ಮೇಲೆ ಅದರ ಜೊತೆ ಏಗಿದೆ. ಮುದ್ರಿಸಿದರೆ ಕಡೆಯ ಸಾಲು ನುಂಗುತ್ತದೆ, ಎಂಟನೆಯ ಟ್ಯಾಬ್ ತೆರೆದರೆ ಮೊದಲನೆಯದು ಮಾಯ, ಇಳಿಸಿಕೊಂಡ ಕಡತ ಎಲ್ಲಿ ಹೋಯಿತೆಂದು ಬ್ರೌಸರಿಗೇ ಗೊತ್ತಿಲ್ಲ. ಎಲ್ಲ ಬರೆದು ಕಳಿಸಿದೆ. ತೆರೆದ ಕೂಡಲೇ ‘ನೀವು ಅರ್ಧಕ್ಕೆ ಬಿಟ್ಟದ್ದು ಇಲ್ಲಿದೆ, ಮುಂದುವರಿಸಿ’ ಎಂದು ಹಳೆಯ ಪುಟವನ್ನು ಬಣ್ಣದ ಚೌಕದಲ್ಲಿ ದೊಡ್ಡದಾಗಿ ತೋರಿಸುವ ಗುಣವೊಂದಿತ್ತಲ್ಲ, ಅದರ ಪಕ್ಕದಲ್ಲಿ ಮಾತ್ರ ‘ಬಲು ಅನುಕೂಲ’ ಎಂದು ಬರೆದೆ. ನನ್ನ ಯಂತ್ರದ ಮುಂದೆ ಕೂರುವವನು ನಾನೊಬ್ಬನೇ. ಒಂದೇ ಯಂತ್ರದ ಮುಂದೆ ಹೊಡೆಯುವವನೂ ಹೊಡೆಸಿಕೊಳ್ಳುವವಳೂ ಸರದಿಯಲ್ಲಿ ಕೂರುವ ಮನೆಗಳಿವೆ ಎಂದು ನನ್ನ ಮಂಕುಬುದ್ಧಿಗೆ ಹೊಳೆಯಲಿಲ್ಲ. ನಾನು ಪೆದ್ದ, ಒಪ್ಪಿದೆ. ನಿಮ್ಮಲ್ಲಿ ಒಂದಿಡೀ ಮಹಡಿಯ ತುಂಬ ತಜ್ಞರಿದ್ದರಲ್ಲ, ಅವರಿಗೆಲ್ಲ ಏನು ಧಾಡಿಯಾಗಿತ್ತು?

ಹೆಂಡತಿಯನ್ನು ಬಡಿಯುವವರ ಮೇಲೆ ದೂರು ಕೊಡುವ ನಿಮ್ಮದೇ ಕಚೇರಿಯ ತಾಣ ಈಗ ನಿಮ್ಮ ಬ್ರೌಸರಿನಲ್ಲಿ ಮಾತ್ರ ತೆರೆಯುತ್ತದೆ. ಭದ್ರತೆಗಾಗಿ ಅಂತೆ! ಹಾಗಾಗಿ ನಾನೇ ಅಕ್ಕನ ಮನೆಗೆ ಹೋಗಿ ಅದನ್ನು ಹಾಕಿಕೊಟ್ಟೆ. ಭಾವ ಕೆಲಸಕ್ಕೆ ಹೋದ ಮೇಲೆ ಅವಳು ಬರೆಯಲು ಕೂತಳು. ಎಷ್ಟು ವರ್ಷದಿಂದ, ಯಾವುದರಿಂದ, ಮೈಮೇಲೆ ಎಲ್ಲೆಲ್ಲಿ ಎಂದು ಎಲ್ಲ ಬರೆದಳು. ದೂರಿಗೆ ಸಂಖ್ಯೆಯೂ ಸಿಕ್ಕಿತು. ಗಾಯದ ಫೋಟೋ ಸೇರಿಸುವ ಪುಟ ಬಾಕಿ ಇರುವಾಗ ಗೇಟಿನ ಸದ್ದಾಯಿತು, ಬ್ರೌಸರು ಮುಚ್ಚಿ ಎದ್ದಳು. ಭಾವ ಕೈಕಾಲು ತೊಳೆದು ಆಟದ ಸ್ಕೋರು ನೋಡಲು ಕೂತ. ನಿಮ್ಮ ಬ್ರೌಸರು ಅವನನ್ನು ಆದರದಿಂದ ಬರಮಾಡಿಕೊಂಡಿತು: ‘ಗಂಡನ ವಿರುದ್ಧ ದೂರು. ಅರ್ಧ ಮುಗಿದಿದೆ, ಮುಂದುವರಿಸಿ.’ ಅವನು ಮುಂದುವರಿಸಿದ. ಕೀಲಿಮಣೆ ಕಿತ್ತು, ಅದು ಎರಡು ತುಂಡಾಗುವವರೆಗೂ ಅವಳ ಮುಖಕ್ಕೆ ಬಡಿದ. ಬಿದ್ದವಳ ಪಕ್ಕೆಗೆ ಒದ್ದ. ಪಕ್ಕದ ಮನೆಯ ಟೈಲರಮ್ಮ ಕತ್ತರಿ ಹಿಡಿದು ಒಳನುಗ್ಗದಿದ್ದರೆ ಅಕ್ಕ ಇವತ್ತು ಇರುತ್ತಿರಲಿಲ್ಲ. ನೆಲದ ಮೇಲೆ ಚೆಲ್ಲಿದ್ದ ಕೀಲಿಗಳ ನಡುವಿನಿಂದ ಅವಳ ಎರಡು ಹಲ್ಲುಗಳನ್ನು ಆರಿಸಿ ತೆಗೆದವನು ನಾನು.

ಇಷ್ಟಕ್ಕೇ ಮುಗಿಯಲಿಲ್ಲ. ಅವಳು ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾಗ ಭಾವ ಮತ್ತೆ ನಿಮ್ಮ ಬ್ರೌಸರು ತೆರೆದ. ಅದು ಅವಳ ಗುಪ್ತಪದವನ್ನೂ ಜೋಪಾನವಾಗಿ ನೆನಪಿಟ್ಟುಕೊಂಡಿತ್ತು. ಕೀಲಿಮಣೆ ಮುರಿದರೇನು, ‘ದೂರು ಹಿಂಪಡೆಯಿರಿ’ ಒತ್ತಲು ಮೌಸ್ ಸಾಕಾಯಿತು. ಅಕ್ಕನ ಫೋನಿಗೆ ನಿಮ್ಮ ಸಂದೇಶ ಬಂತು: ‘ನಿಮ್ಮ ಸಮಸ್ಯೆ ಬಗೆಹರಿದುದಕ್ಕೆ ಅಭಿನಂದನೆಗಳು.’ ಜಿರಳೆಗೂ ಪೊರಕೆ ಎತ್ತದ ನನಗೆ, ಆ ಸಾಲು ಬರೆದ ಕೈಯನ್ನು ಬಾಗಿಲ ಸಂದಿಗೆ ಕೊಟ್ಟು ಜಜ್ಜಬೇಕೆನಿಸಿತು. ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಹಿಂಪಡೆದ ದೂರನ್ನು ಮೊದಲು ಸಲ್ಲಿಸಿದ ಯಂತ್ರದಿಂದಲೇ ಮತ್ತೆ ತೆರೆಯಬೇಕಂತೆ. ಕಾಗದದ ದೂರು ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದೀರಂತೆ. ಅಂದರೆ ಆ ಮನೆಗೆ ಹೋಗಿ, ಸ್ವಲ್ಪ ಸರಿದು ಕೂರಪ್ಪಾ ಎಂದು ಅವನನ್ನೇ ಕೇಳಬೇಕೇ?

ಈಗ ಅವನು ದಿನಾ ಸಂಜೆ ಕಿತ್ತಳೆ ಹಿಡಿದು ವಾರ್ಡಿಗೆ ಬರುತ್ತಾನೆ. ಮಂಚದ ಪಕ್ಕ ಕೂತು ನಿಧಾನವಾಗಿ ಸಿಪ್ಪೆ ಸುಲಿಯುತ್ತಾನೆ. ದವಡೆಗೆ ತಂತಿ ಬಿಗಿಸಿಕೊಂಡವಳು ಅಗಿಯಲಾರಳು, ಕೂಗಲಾರಳು. ನಾನು ಅಡ್ಡ ನಿಂತರೆ ಕಾವಲುಗಾರ ನನ್ನನ್ನೇ ಹೊರಗೆ ದಬ್ಬಿದ. ನರ್ಸಮ್ಮನನ್ನು ಬೇಡಿಕೊಂಡೆ. “ದೂರಿನ ಪ್ರತಿ ಒಂದು ತಂದ್ಕೊಡಿ, ಬಾಗಿಲಲ್ಲೇ ತಡೀತೀನಿ. ಅದಿಲ್ದೆ ಗಂಡನ್ನ ಹ್ಯಾಗೆ ತಡೀಲಿ?” ಎಂದರು. ಅಕ್ಕ ಔಷಧಿ ಚೀಟಿಯ ಹಿಂದೆ ಗೀಚಿ ನನ್ನ ಕೈಗಿತ್ತಳು: “ನಾನು ವಾಪಸ್ ತಗೊಂಡಿಲ್ಲ ಅಂತ ಅವ್ರಿಗೆ ಹೇಳೋ.” ಇದೋ, ಹೇಳಿದ್ದೇನೆ.

ಆ ಚೌಕವನ್ನು ಇಂದೇ ಕಿತ್ತೆಸೆಯಿರಿ. ದೂರಿನ ತಾಣ ಎಲ್ಲ ಬ್ರೌಸರುಗಳಲ್ಲೂ ತೆರೆಯಲಿ. ಅದೆಲ್ಲಕ್ಕೂ ಮೊದಲು, ಕಾಗದ, ಮೊಹರು ಹಿಡಿದು ನೀವೇ ವಾರ್ಡಿಗೆ ಬಂದು ಅವಳ ದೂರು ಬರೆದುಕೊಳ್ಳಿ, ಪ್ರತಿಯನ್ನು ನರ್ಸಮ್ಮನಿಗೆ ಕೊಡಿ. ಭೇಟಿಯ ಸಮಯ ನಾಲ್ಕು ಗಂಟೆ. ಅವನು ಒಂದು ದಿನವೂ ತಡ ಮಾಡಿಲ್ಲ.

ಇಂತಿ,
ಅದನ್ನು ಕೈಯಾರೆ ಅಕ್ಕನ ಮನೆಗೆ ತಂದು ಹಾಕಿದ ತಮ್ಮ